ಎರಡನೆಯ ಟ್ಯಾಗ್

ಶೆಫೀಲ್ಡ್‌ನಿಂದ ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಹೋಗುವ ರೈಲಿನಲ್ಲಿ, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಎದುರಿನವರು ನಕ್ಕರು. ಮಡಿಕೇರಿ ಕಡೆಯ ಡಾಕ್ಟರು. ಕಡವೆಯಂಥ ದೊಡ್ಡ ಜಿಂಕೆಯ ಬೇಟೆಗೆಂದು ಕೆನಡಾಕ್ಕೆ ಹೊರಟಿದ್ದರು. ಪಾಸ್‌ಪೋರ್ಟ್ ತೆಗೆಯುವಾಗ ಎರಡು ಚೀಟಿಗಳು ಮೇಜಿನ ಮೇಲೆ ಬಿದ್ದವು. ಹೊಡೆದ ಕೂಡಲೇ ಪ್ರಾಣಿಗೆ ಕಟ್ಟಬೇಕಾದ ಟ್ಯಾಗಂತೆ. ಸತ್ತ ಪ್ರಾಣಿಗೂ ಲಗೇಜಿನ ಹಾಗೆ ಚೀಟಿ ಕಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ.

“ಎರಡಿದ್ರೆ ಎರಡು ಹೊಡೀಬಹುದಾ ಸರ್?”

“ಇಲ್ಲ. ಒಂದು ನನ್ನ ಹೆಂಡತಿದು. ಯಾರ ಹೆಸರಿದೆಯೋ ಅವರೇ ಹೊಡೀಬೇಕು.”

“ಅವರು ಆಮೇಲೆ ಬರ್ತಾರಾ?”

“ಇಬ್ಬರೂ ಅರ್ಜಿ ಹಾಕಿದ್ವಿ. ಟ್ಯಾಗ್ ಬರೋ ಮೊದಲೇ ತೀರಿಕೊಂಡ್ಳು.”

ಚೀಟಿಗಳೆರಡನ್ನೂ ಜೋಡಿಸಿ ಜೇಬಿಗಿಟ್ಟುಕೊಂಡರು. ನಾನು ಕೇಳದಿದ್ದರೂ ಹೇಳಿದರು:

“ನಂದು ಹೊಡೆದಾದ ಮೇಲೆ ಇನ್ನೊಂದು ಎದುರಿಗೆ ಬಂದ್ರೆ, ಅದು ಅವಳದು. ಸುಮ್ಮನೆ ನೋಡಿ ಬರ್ತೇನೆ.”