ಓದದೆ ಸಹಿ ಹಾಕದ ನಾರಾಯಣಸ್ವಾಮಿ ಮೇಷ್ಟ್ರು

ನಾರಾಯಣಸ್ವಾಮಿ ಮೇಷ್ಟ್ರು ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಶ್ರೀನಿವಾಸಪುರದ ಬ್ಯಾಂಕಿನಲ್ಲಿ ಅವರು ಫಾರ್ಮು ಹಿಡಿದು ನಿಂತರೆ ಹಿಂದಿದ್ದವರು ಸದ್ದಿಲ್ಲದೆ ಬೇರೆ ಸಾಲಿಗೆ ಹೋಗುತ್ತಿದ್ದರು. ಒಮ್ಮೆ ಕೊರಿಯರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಚೀಟಿಯ ಹಿಂಬದಿಯ ಇರುವೆಯಂಥ ಅಕ್ಷರಗಳನ್ನೆಲ್ಲ ಓದಿದರಂತೆ. ಅವನು ಕಾದು ಕಾದು ಜಗಲಿಯ ಮೇಲೆ ಕೂತೇಬಿಟ್ಟ. ಮೇಷ್ಟ್ರ ಹೆಂಡತಿ ರತ್ನಮ್ಮನವರು ಅವನಿಗೆ ಕಾಫಿ ತಂದುಕೊಟ್ಟರು. "ಲೋಪಲ ಏಮುಂದೋ ಎವರಿಕಿ ತೆಲುಸು?" ಒಳಗೆ ಏನಿದೆಯೋ ಯಾರಿಗೆ ಗೊತ್ತು ಎನ್ನುವ ಈ ತೆಲುಗು ಮಾತು ಮೇಷ್ಟ್ರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು.

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ಅವರು ನಮ್ಮ ಪಿಯು ಕಾಲೇಜಿಗೆ ತಾವಾಗಿಯೇ ಬರತೊಡಗಿದರು. ನಾನು ಅಲ್ಲಿ ಗಣಿತ ಕಲಿಸುತ್ತೇನೆ. ಯಾರೋ ದಾನ ಕೊಟ್ಟ ಹಳೆಯ ಲ್ಯಾಪ್‌ಟಾಪುಗಳು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಮೇಷ್ಟ್ರು ಒಂದೊಂದನ್ನೇ ಬಿಚ್ಚಿ, ಒರೆಸಿ, ಲಿನಕ್ಸ್ ಹಾಕಿದರು. ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆ ಅದು. ಎಲ್ಲ ನಡೆಯುತ್ತಿತ್ತು, ವೈಫೈ ಮಾತ್ರ ಇಲ್ಲ. ಅದರ ಚಿಪ್ ಕೆಲಸ ಮಾಡಬೇಕಾದರೆ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ ಬೇಕು. ಅದನ್ನು ಚಿಪ್ ಮಾಡಿದ ಕಂಪನಿಯೇ ಕೊಡಬೇಕು, ಒಳಗೆ ಏನು ಬರೆದಿದೆಯೆಂದು ಯಾರೂ ನೋಡುವಂತಿಲ್ಲ. ಲಿನಕ್ಸ್ ಹಾಕಲು ಮೇಷ್ಟ್ರು ಆರಿಸಿಕೊಂಡ ಇನ್‌ಸ್ಟಾಲರಿನಲ್ಲಿ ಅದು ಇರಲಿಲ್ಲ.

"ಅದನ್ನ ಸೇರಿಸಿರೋ ಇನ್‌ಸ್ಟಾಲರೂ ಸಿಗುತ್ತಲ್ಲ ಸಾರ್?" ಎಂದೆ.

"ಸಿಗುತ್ತೆ. ಸ್ವತಂತ್ರ ಅಂತ ಬೋರ್ಡು ಹಾಕ್ಕೊಂಡು ಒಳಗೆ ಬೀಗ ಹಾಕಿದ ಪೆಟ್ಟಿಗೆ ಇಟ್ರೆ ಮೋಸ ಅಲ್ವೇನಮ್ಮ? ಇವತ್ತು ವೈಫೈಗೆ ಅಂತ ಒಪ್ಕೋತೀವಿ, ನಾಳೆ ಇನ್ನೊಂದಕ್ಕೆ. ಎಲ್ಲರೂ ಒಪ್ಕೊಂಡ್ರೆ ಆ ಕಂಪನಿಯೋರು ಯಾಕೆ ತೆರೆದು ತೋರಿಸ್ತಾರೆ?"

ಹಾಗೆಂದವರು ಮಾರನೆಯ ದಿನ ತಮ್ಮ ದುಡ್ಡಿನಲ್ಲೇ ಕೇಬಲ್ ಸುರುಳಿ ತಂದರು. ಏಣಿ ಹತ್ತಿ, ಗೋಡೆ ಕೊರೆದು, ಒಂದೊಂದು ಡೆಸ್ಕಿಗೂ ಎಳೆದರು. "ವೈರೇ ಬೇಡ ಅನ್ನೋ ಕಾಲದಲ್ಲಿ ವೈರು ಎಳೀತಿದ್ದೀರಲ್ಲ ಸಾರ್" ಎಂದು ಪ್ರಿನ್ಸಿಪಾಲರು ನಕ್ಕರು. ಮೇಷ್ಟ್ರೂ ನಕ್ಕರು. ನನಗೆ ಅವರ ಮೇಲೆ ಹೆಮ್ಮೆಯೇ ಇತ್ತು.

ಸುಗಟೂರಿನ ಮಂಜುಳಾ ನಮ್ಮ ಕಾಲೇಜಿನ ಹುಡುಗಿ. ಅಪ್ಪ ಅಮ್ಮ ರೇಷ್ಮೆಹುಳು ಸಾಕುತ್ತಿದ್ದರು. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಊಟ, ವಸತಿ, ಓದು ಎಲ್ಲ ಪುಕ್ಕಟೆ ಕೊಡುವ ದೂರದೂರಿನ ಕಾಲೇಜೊಂದಕ್ಕೆ ಅವಳಿಂದ ಅರ್ಜಿ ಹಾಕಿಸಿದ್ದೆ. ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದಿತ್ತು, ಆದರೆ ಕಂಪ್ಯೂಟರಿನಲ್ಲೇ ಬರೆಯಬೇಕು. ಮೇಷ್ಟ್ರು ಇದ್ದುದರಲ್ಲಿ ಒಳ್ಳೆಯ ಲ್ಯಾಪ್‌ಟಾಪನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿತ್ತರು. "ಭಯಪಡಬೇಡ. ನೀನು ಬರೆದುಬಿಡ್ತೀಯ" ಎಂದರು.

ಪರೀಕ್ಷೆಯ ಬೆಳಿಗ್ಗೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತರೆ ವೈಫೈ ಇಲ್ಲದ ಲ್ಯಾಪ್‌ಟಾಪಿಗೆ ಅದು ಕಾಣಲೇ ಇಲ್ಲ. ಅವಳು ಮೇಷ್ಟ್ರಿಗೆ ಮೇಲಿಂದ ಮೇಲೆ ಫೋನು ಮಾಡಿದಳು. ಅವರು ಮುಳಬಾಗಿಲಿನ ಬಸ್ಸಿನಲ್ಲಿದ್ದರು, ಆ ಗದ್ದಲದಲ್ಲಿ ಕೇಳಿಸಲಿಲ್ಲ. ನಾನು ತರಗತಿಯಲ್ಲಿದ್ದೆ. ಅವಳು ಕೋಲಾರದ ಬಸ್ಸು ಹಿಡಿದು ಸೈಬರ್ ಸೆಂಟರಿಗೆ ಹೋಗುವಷ್ಟರಲ್ಲಿ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಮೊಬೈಲನ್ನು ಅದರ ವೈರಿನಿಂದಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದು ಗುಂಡಿ ಒತ್ತಿದ್ದರೆ ಇಂಟರ್ನೆಟ್ ಬರುತ್ತಿತ್ತು. ಎರಡು ನಿಮಿಷದ ಕೆಲಸ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಸಂಜೆ ಮೇಷ್ಟ್ರು ಸಿಕ್ಕಾಗ ನಾನು ತಡೆದುಕೊಳ್ಳಲಿಲ್ಲ. "ನಿಯಮ ನಿಮ್ಮದು ಸಾರ್. ಅದಕ್ಕೆ ಬೆಲೆ ತೆತ್ತಿದ್ದು ಅವಳು" ಎಂದೆ. ಅವರು ಕುರ್ಚಿಯ ತೋಳನ್ನು ಸವರುತ್ತ ಕೂತುಬಿಟ್ಟರು. ಆ ಮಾತನ್ನು ಇನ್ನಷ್ಟು ಮೆತ್ತಗೆ ಆಡಬಹುದಿತ್ತೆಂದು ಈಗ ಅನ್ನಿಸುತ್ತದೆ.

ಮರುದಿನ ಇಬ್ಬರೂ ಸುಗಟೂರಿಗೆ ಹೋದೆವು. ಮಂಜುಳಾ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು, ತಿರುಗಿ ನೋಡಲಿಲ್ಲ. ಮೇಷ್ಟ್ರು ಬಾಗಿಲಲ್ಲೇ ನಿಂತು, "ತಪ್ಪು ನಂದು ಕಣಮ್ಮ. ನಿಂಗೆ ಕೊಡೋ ಮುಂಚೆ ವೈಫೈ ಬೇಕಾ ಅಂತ ನಾನು ಕೇಳಬೇಕಿತ್ತು" ಎಂದರು. "ಮೀರೇಮಿ ಚೇಸ್ತಾರು ಸಾರ್, ನೀವೇನು ಮಾಡ್ತೀರ, ಅವಳ ಹಣೇಲಿ ಬರೆದಿರಲಿಲ್ಲ" ಎಂದಳು ತಾಯಿ. ಆ ಸಮಾಧಾನ ಅವರನ್ನು ಇನ್ನಷ್ಟು ಕುಗ್ಗಿಸಿತು. ಬಸ್ಸಿನಲ್ಲಿ ಊರು ತಲುಪುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದರು.

ಮಂಜುಳಾ ಮತ್ತೆ ಅರ್ಜಿ ಹಾಕಲಿಲ್ಲ. ಮಾಲೂರಿನ ಕಾರ್ಖಾನೆಯೊಂದಕ್ಕೆ ಸೇರಿಕೊಂಡಳು.

ಮೇಷ್ಟ್ರು ಎರಡು ವಾರ ಕಾಲೇಜಿನ ಕಡೆ ಬರಲಿಲ್ಲ. ಬಂದಾಗ ಹೊಸ ಇನ್‌ಸ್ಟಾಲರ್ ತಂದಿದ್ದರು. ಅದರಲ್ಲಿ ಫರ್ಮ್‌ವೇರ್ ಇತ್ತು. ಆದರೆ ಹಾಕುವ ಮೊದಲು ಪರದೆಯ ಮೇಲೆ ಕನ್ನಡದಲ್ಲಿ ಅವರೇ ಬರೆದ ನಾಲ್ಕು ಸಾಲು ಮೂಡುತ್ತಿದ್ದವು: "ಈ ಯಂತ್ರದ ವೈಫೈಗೆ ಕಂಪನಿಯ ಮುಚ್ಚಿದ ತುಂಡೊಂದು ಬೇಕು. ಅದರೊಳಗೆ ಏನಿದೆಯೆಂದು ನಮಗೂ ಗೊತ್ತಿಲ್ಲ. ಇಲ್ಲದಿದ್ದರೆ ವೈಫೈ ಬರುವುದಿಲ್ಲ. ಹಾಕಲೇ?" ಲ್ಯಾಪ್‌ಟಾಪುಗಳಿಗೆಲ್ಲ ಹೊಸದಾಗಿ ಹಾಕಿದರು. ವೈಫೈ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೈ ಒರೆಸಿಕೊಂಡು ಹೊರಗೆ ಹೋದರು.

ಮುಂದಿನ ವರ್ಷ ಅವರ ಮೂತ್ರಪಿಂಡಗಳು ಕೈಕೊಟ್ಟವು. ಕೊನೆಯ ಸಲ ನಾನು ನೋಡಿದ್ದು ಅವರ ಮನೆಯಲ್ಲಿ. ಮಾವಿನ ಕಾಲ, ಬೀದಿಯ ತುಂಬ ಹಣ್ಣಿನ ಲಾರಿಗಳು. ರತ್ನಮ್ಮನವರು ತಂದಿಟ್ಟ ಹಣ್ಣನ್ನು ಅವರು ತಿನ್ನುವಂತಿರಲಿಲ್ಲ, ನಾನೂ ಮುಟ್ಟಲಿಲ್ಲ.

"ನಾನು ಸೋತೆ ಅನ್ಸುತ್ತೇನಮ್ಮ ನಿಂಗೆ?" ಎಂದು ಕೇಳಿದರು.

"ಇಲ್ಲ ಸಾರ್. ಕೇಳಿ ಹಾಕೋ ಹಾಗೆ ಮಾಡಿದ್ರಲ್ಲ."

"ಇಲ್ಲ, ಸೋತೆ. ಸೋಲಬೇಕಾಗಿತ್ತು. ಒಂದು ತಿಂಗಳು ಮುಂಚೆ ಸೋತಿದ್ರೆ ಆ ಮಗು ಓದ್ತಿತ್ತು."

ಹತ್ತು ದಿನಕ್ಕೆ ಹೋಗಿಬಿಟ್ಟರು.

ತಿಥಿಯ ದಿನ ಮಂಜುಳಾ ಅರ್ಧ ದಿನ ರಜೆ ಹಾಕಿ ಬಂದಳು, ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲೇ ಇತ್ತು. ಊಟಕ್ಕೆ ಕೂರದೆ ನನ್ನ ಪಕ್ಕ ಬಂದು ನಿಂತಳು.

"ನಂಗೆ ಸಾರ್ ಮೇಲೆ ಸಿಟ್ಟಿರಲಿಲ್ಲ ಮೇಡಂ. ಆವತ್ತು ಅಳು ಬಂದುಬಿಡುತ್ತೆ ಅಂತ ತಿರುಗಲಿಲ್ಲ, ಅಷ್ಟೆ. ರಜ ಸಿಕ್ಕಿದಾಗ ಬಂದು ಹೇಳೋಣ ಅಂತಿದ್ದೆ."

ನಾನು ಅವಳ ಕೈ ಹಿಡಿದುಕೊಂಡೆ. ಮೇಷ್ಟ್ರು ಕೊನೆಯಲ್ಲಿ 'ಸೋತೆ' ಅಂದದ್ದನ್ನು ಅವಳಿಗೆ ಹೇಳಲಿಲ್ಲ.