ಅಕ್ಕೋರಿಗೆ ಹತ್ತಿದ ಪರದೇಶದ ಕಾರು

ನಮಗೆ ಡ್ರೈವಿಂಗ್ ಕಲಿಸಿದ ಅಕ್ಕೋರ ಚಪ್ಪಲಿಗಳಲ್ಲಿ ಬಲಗಾಲಿನದು ಮಾತ್ರ ಬೇಗ ಸವೆಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ರೂಪಾಯಿಯಗಲ ತೂತು ಬಿದ್ದು ಅಂಗಾಲು ಕಾಣುತ್ತಿತ್ತು. ಎಡಗಡೆಯ ಸೀಟಿನಲ್ಲಿ ಕೂತು, ಕಲಿಯುವವರು ತಪ್ಪಿದಾಗಲೆಲ್ಲ ತಮ್ಮ ಕಡೆಗಿದ್ದ ಬ್ರೇಕನ್ನು ಒತ್ತಿ ಒತ್ತಿ ಆದ ತೂತು ಅದು. ಅದರಲ್ಲಿ ನನ್ನ ಪಾಲೂ ಸಾಕಷ್ಟಿದೆ.

ಜಮಖಂಡಿಯಲ್ಲಿ ಆ ಡ್ರೈವಿಂಗ್ ಸ್ಕೂಲನ್ನು ಶುರು ಮಾಡಿದವರು ಅಕ್ಕೋರ ಯಜಮಾನರು. ಅವರು ಅಕಾಲದಲ್ಲಿ ತೀರಿಕೊಂಡಾಗ, ಕಾರು ಮಾರಿ ತವರಿಗೆ ಹೋಗಿಬಿಡು ಎಂದು ಬಂಧುಗಳೆಲ್ಲ ಹೇಳಿದರಂತೆ. ತವರು ಬನಹಟ್ಟಿ, ನೇಕಾರರ ಮನೆ. ಅಕ್ಕೋರು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡ ಕೂರುತ್ತಿದ್ದ ಸೀಟಿನಲ್ಲಿ ಕೂತರು. ಗಂಡಸರು ಬರುವುದನ್ನು ನಿಲ್ಲಿಸಿದರು, ಹೆಂಗಸರು ಬರತೊಡಗಿದರು. ಮಗ್ಗಗಳ ಗದ್ದಲದಲ್ಲಿ ಬೆಳೆದವರಾದ್ದರಿಂದ ಅವರ ದನಿಯೇ ದೊಡ್ಡದು. ಗುಟ್ಟಿನ ಮಾತನ್ನೂ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ನಾನು ಮುಧೋಳದಾಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಟೀಚರು. ಎರಡು ಬಸ್ಸು ಬದಲಿಸಿ ಹೋಗಿಬರುವುದು ಸಾಕಾಗಿ, ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ ಅವರಲ್ಲಿ ಕಲಿಯಲು ಹೋದೆ. ಕಬ್ಬು ನುರಿಸುವ ಕಾಲ. ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಎದುರಿಗೆ ಓಲಾಡುತ್ತ ಬಂದಾಗ ನಾನು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಬಿಟ್ಟೆ. ಕಾರು ಗಕ್ಕನೆ ನಿಂತಿತು. ಅಕ್ಕೋರು ಬೈಯಲಿಲ್ಲ.

"ಟೀಚರ್, ಅಂಜಿಕಿ ಇರ್ಲಿ. ಅದನ್ನ ಹಿಂದಿನ ಸೀಟಿನಾಗ ಕುಂಡ್ರಸ್ರಿ. ಸ್ಟೇರಿಂಗ್ ಅದರ ಕೈಯಾಗ ಕೊಡಬ್ಯಾಡ್ರಿ."

ಈ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ನನಗೆ ಮಾತ್ರ ಹೇಳಿದರೆಂದು ಬಹಳ ದಿನ ನಂಬಿಕೊಂಡಿದ್ದೆ.

ಆ ಫೋನ್ ಬಂದಾಗ ನಾವು ಬೀಳಗಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ನೀರು ಕುಡಿಯುತ್ತಿದ್ದೆವು. ಅಕ್ಕೋರು ಹಿಂದಿಯಲ್ಲಿ "ಹಾಂ, ಹಾಂ" ಎನ್ನುತ್ತ ಕೇಳಿ, ಫೋನಿಗೆ ಅಂಗೈ ಅಡ್ಡ ಹಿಡಿದು ನಕ್ಕರು.

"ನನಗ ಪರದೇಶದಾಗ ಕಾರು ಬಹುಮಾನ ಹತ್ತೇತಂತ್ರಿ. ತಡೀರಿ, ಈಗ ಓಟಿಪಿ ಕೇಳ್ತಾನ."

ಅವರ ಓಣಿಯಲ್ಲೇ ಒಬ್ಬ ನಿವೃತ್ತ ಗುಮಾಸ್ತರು ಇಂಥದೇ ಫೋನಿಗೆ ಮರುಳಾಗಿ ಪಿಂಚಣಿ ಕಳೆದುಕೊಂಡಿದ್ದರು. ಆದರೆ ಈ ಮನುಷ್ಯ ಓಟಿಪಿ ಕೇಳಲಿಲ್ಲ, ಪಾಸ್‌ಪೋರ್ಟಿನ ನಕಲು ಕೇಳಿದ. ಅಷ್ಟು ಸಾಕಾಯಿತು. "ಪಾಸ್‌ಪೋರ್ಟ್ ಬೇಕೇನ? ನಿಮ್ಮವ್ವನ್ನ ಕೇಳ ಹೋಗ!" ಎಂದು ಅಚ್ಚ ಬನಹಟ್ಟಿ ಕನ್ನಡದಲ್ಲಿ ಬೈದು ಕಟ್ ಮಾಡಿದರು. ಮತ್ತೆ ಬಂತು, ಮತ್ತೆ ಬೈದರು. ನಾವಿಬ್ಬರೂ ಊರು ಮುಟ್ಟುವವರೆಗೆ ನಕ್ಕೆವು.

ಮರುದಿನ ಬೆಳಿಗ್ಗೆ ನಾನು ಕ್ಲಾಸಿಗೆ ಹೋದಾಗ ಅಕ್ಕೋರು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಯಾರೋ ತೀರಿಕೊಂಡರೆಂದೇ ತಿಳಿದೆ.

"ಟೀಚರ್, ಅದು ಖರೇ ಐತಂತ್ರಿ."

ಅವರ ಒಬ್ಬಳೇ ಮಗಳು ಗಂಡನೊಂದಿಗೆ ಕೊಲ್ಲಿಯ ಒಂದು ಊರಿನಲ್ಲಿದ್ದಳು. ಬಾಣಂತನ ಮಾಡಲು ಅಕ್ಕೋರು ಅಲ್ಲಿಗೆ ಹೋಗಿದ್ದಾಗ ದೊಡ್ಡದೊಂದು ಅಂಗಡಿಯಲ್ಲಿ ಕೂಸಿನ ಬಟ್ಟೆ, ಅಕ್ಕಿ ಕೊಂಡಿದ್ದರು. ಸಾಮಾನಿನ ಜೊತೆ ಬಹುಮಾನದ ಕೂಪನ್ನುಗಳನ್ನು ಕೊಟ್ಟಿದ್ದರು. "ನನಗ ಎಂದೂ ಏನೂ ಹತ್ತೂದಿಲ್ಲವಾ, ನಿನ್ನ ಹೆಸರು ಬರೀತೀನಿ" ಎಂದು ಮಗಳು ಎಲ್ಲದರ ಮೇಲೂ ಅವ್ವನ ಹೆಸರು ಬರೆದು ಡಬ್ಬಿಗೆ ಹಾಕಿದ್ದಳು. ಆ ಅಂಗಡಿಯವರು, ಅಕ್ಕೋರ ಬೈಗುಳ ತಿಂದ ಮೇಲೆ, ಕೂಪನ್ನಿನಲ್ಲಿದ್ದ ಇನ್ನೊಂದು ನಂಬರು ನೋಡಿ ಮಗಳಿಗೆ ಫೋನ್ ಮಾಡಿದ್ದರು.

ಸುದ್ದಿ ಜಮಖಂಡಿಯಲ್ಲಿ ಬೆಂಕಿಯಂತೆ ಹಬ್ಬಿತು. ಕಾರು ಯಾವಾಗ ಬರುತ್ತದೆ ಎಂದು ಎಲ್ಲರೂ ಕೇಳುವವರೇ. ಬರುವುದೇ ಇಲ್ಲ ಎಂದು ತಿಳಿದದ್ದು ಆರ್‌ಟಿಓ ಕಚೇರಿಯಲ್ಲಿ. ಅಲ್ಲಿಯ ಕಾರಿಗೆ ಸ್ಟೇರಿಂಗ್ ಎಡಗಡೆ, ಇಲ್ಲಿ ನೋಂದಣಿ ಆಗುವುದಿಲ್ಲ. ಹಟ ಹಿಡಿದು ಹಡಗಿನಲ್ಲಿ ತರಿಸಿದರೂ ಸುಂಕ ಕಟ್ಟುವಷ್ಟರಲ್ಲಿ ಅಂಥದೇ ಹೊಸ ಕಾರು ಇಲ್ಲೇ ಬರುತ್ತದೆ. ಕಾರು ಬೇಕಾದರೆ ಅಕ್ಕೋರೇ ಹೋಗಿ ತೆಗೆದುಕೊಳ್ಳಬೇಕು, ಗೊತ್ತುಮಾಡಿದ ದಿನದೊಳಗೆ. ಇಲ್ಲವಾದರೆ ಅದು ಅಂಗಡಿಯವರಿಗೇ ವಾಪಸ್ಸು.

ಅದಕ್ಕಿಂತ ದೊಡ್ಡ ಪೆಟ್ಟು ಹೆಸರಿನದು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಗೆ ಬೇರೆ ಹೆಸರಿಡುವ ರೂಢಿ ಉಂಟು. ಮಗಳು ಬರೆದದ್ದು ಗಂಡನ ಮನೆಯ ಹೆಸರು. ಪಾಸ್‌ಪೋರ್ಟಿನಲ್ಲಿದ್ದದ್ದು ಬನಹಟ್ಟಿ ಸಾಲೆಯಲ್ಲಿ ಬರೆಸಿದ ಹೆಸರು. ಗೆದ್ದವಳು ಒಬ್ಬಳು, ಬಂದು ಕೇಳುವವಳು ಇನ್ನೊಬ್ಬಳು! ಅಂಗಡಿಯವರು ಪುರಾವೆ ಕೇಳಿದರು. ಎರಡೂ ಹೆಸರು ಒಬ್ಬಳದೇ ಎಂದು ಜಮಖಂಡಿ ಕೋರ್ಟಿನ ಮುಂದೆ ನೋಟರಿಯೆದುರು ಪ್ರಮಾಣ ಮಾಡಿದರು. ಆ ಕಾಗದಕ್ಕೆ ಬೆಂಗಳೂರಿನಲ್ಲಿ ಒಂದು ಮುದ್ರೆ, ಆ ದೇಶದ ರಾಯಭಾರ ಕಚೇರಿಯದು ಇನ್ನೊಂದು. ಓಡಾಡಿ ಸೋತು ಬಂದವರು ನನ್ನೆದುರು ಕೂತು, "ಇಷ್ಟ ವರ್ಷ ಆ ಬನಹಟ್ಟಿ ಹುಡುಗಿನ್ನ ನಾನ ಮರತಿದ್ದೆ. ಆಕಿನ್ನ ಹುಡಕಾಕ ಕೋರ್ಟಿಗೆ ಹೋಗಬೇಕಾತು" ಎಂದರು.

ಹೊರಡುವ ಮುನ್ನ ಪರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟನ್ನೂ ಮಾಡಿಸಿಕೊಂಡರು. "ಎಡಗಡೆ ಕೂತು ಓಡಸ್ತೀರೇನ್ರಿ?" ಎಂದು ನಾನು ಗಾಬರಿಯಾದೆ. "ಅಲ್ರಿ, ಇಷ್ಟ ವರ್ಷ ಕೂತದ್ದು ಎಲ್ಲಿ? ಎಡಗಡೇನ ಅಲ್ಲೇನು? ಸ್ಟೇರಿಂಗ್ ಒಂದ ಇರಲಿಲ್ಲ."

ಅಳಿಯ ಮೊದಲೇ ಖರೀದಿದಾರನನ್ನು ಗೊತ್ತು ಮಾಡಿಟ್ಟಿದ್ದ. ಅಂಗಡಿಯ ಅಂಗಳದಿಂದಲೇ ಮಾರಿದರೆ ಜಂಜಾಟವಿಲ್ಲ, ಹಣ ತೆಗೆದುಕೊಂಡು ಬನ್ನಿ ಎಂದು ನಾವೂ ಹೇಳಿ ಕಳಿಸಿದ್ದೆವು. ಅಕ್ಕೋರು ತಿರುಗಿ ಬಂದಾಗ ಅವರ ಚೀಲದಲ್ಲಿ ನನಗೊಂದು ಖರ್ಜೂರದ ಪೊಟ್ಟಣ ಬಿಟ್ಟರೆ ಬೇರೇನೂ ಇರಲಿಲ್ಲ. ಕಾರನ್ನು ಮಾರಿರಲಿಲ್ಲ. ಪ್ರವಾಸಿ ವೀಸಾದ ಮೇಲೆ ಹೋದವರ ಹೆಸರಿಗೆ ಅಲ್ಲಿ ಕಾರು ನೋಂದಣಿಯಾಗುವುದಿಲ್ಲವೆಂದು ಅಲ್ಲಿಯೇ ವಾಸವಿದ್ದ ಮಗಳ ಹೆಸರಿಗೆ ಮಾಡಿಸಿದ್ದರು. ಅಳಿಯನ ಹೆಸರಿಗಲ್ಲ. ಆ ಮಗಳಿಗೋ ಅಲ್ಲಿಯ ಲೈಸೆನ್ಸೇ ಇರಲಿಲ್ಲ.

ನಾನು ದಂಗಾದೆ. ಸಿಟ್ಟೂ ಬಂತು. ಇಲ್ಲಿ ಕಲಿಸುವ ಹಳೆಯ ಕಾರಿನ ಗೇರು ಹಲ್ಲು ಕಡಿಯುತ್ತಿತ್ತು, ಮನೆಯ ಮಾಳಿಗೆ ಸೋರುತ್ತಿತ್ತು. "ಬಂದ ಲಕ್ಷ್ಮೀನ ಒದ್ದ ಬಂದಾಳ" ಎಂದು ಓಣಿಯೆಲ್ಲ ಆಡಿಕೊಂಡಿತು. "ಹೊಡ್ಯಾಕ ಬರದಾಕಿಗೆ ಕಾರ್ ಯಾಕ್ರಿ ಅಕ್ಕೋರ?" ಎಂದು ಕೇಳಿಯೇಬಿಟ್ಟೆ.

"ಹೊಡ್ಯಾಕ ಬರ್ತೈತ್ರಿ ಆಕಿಗೆ. ನಾನ ಕಲಿಸೀನಿ. ಕಾಗದ ಇಲ್ಲ, ಅಷ್ಟ." ಆಮೇಲೆ ಬಾಣಂತನದ ಕಾಲದಲ್ಲಿ ನಡೆದದ್ದನ್ನು ಹೇಳಿದರು. ಅಕ್ಕೋರು ಮೆಲುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಕೂಸಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತ್ರಿ. ಕಣ್ಣ ಮ್ಯಾಲ ಮಾಡ್ತು. ಅಳಿಯ ಕೆಲಸದಾಗ, ಫೋನ್ ಎತ್ತಲಿಲ್ಲ. ಬಾಜೂ ಮನಿ ಹೆಣಮಗಳು ತನ್ನ ಗಂಡನ ಕಾರಿನ ಕೀಲಿ ತಂದು ನನ್ನ ಕೈಯಾಗ ಇಟ್ಟಳು, ಆಕಿಗೂ ಹೊಡ್ಯಾಕ ಬರೂದಿಲ್ಲ. ಮಗಳಿಗೆ ಲೈಸೆನ್ಸ್ ಇಲ್ಲ. ನನಗ ಪರ್ಮಿಟ್ ಇಲ್ಲ, ದಾರಿ ಗೊತ್ತಿಲ್ಲ. ಇಡೀ ಜಮಖಂಡಿ ಹೆಣಮಕ್ಕಳಿಗೆ ಕಲಿಸಿದಾಕಿ, ಕೀಲಿ ಹಿಡಕೊಂಡು ಬಿಸಲಾಗ ನಿಂತೆ. ಸ್ಟೇರಿಂಗ್ ಮುಟ್ಟಾಕ ಅಂಜಿದೆ ಟೀಚರ್, ನಾನು!"

ಕಡೆಗೊಂದು ಟ್ಯಾಕ್ಸಿ ಸಿಕ್ಕಿತು, ಕೂಸು ಉಳಿಯಿತು. ಆದರೆ ಅಳಿಯ, "ಮನೆಯಲ್ಲಿ ಕಾರೇ ಇಲ್ಲ, ಲೈಸೆನ್ಸ್ ಯಾಕೆ?" ಎಂಬ ತನ್ನ ಮಾತನ್ನು ಬಿಟ್ಟಿರಲಿಲ್ಲ. ಕೆಟ್ಟವನಲ್ಲ, ದುಡ್ಡಿನಲ್ಲಿ ಹಿಡಿತದ ಮನುಷ್ಯ.

"ಈಗ ಕಾರ್ ಐತಿ," ಎಂದರು ಅಕ್ಕೋರು. "ಇನ್ನ ಏನ ನೆವ ಹೇಳ್ತಾನ?"

ಅವರು ಅಲ್ಲಿದ್ದಾಗಲೇ ಮಗಳನ್ನು ಕಲಿಕೆಗೆ ಸೇರಿಸಿ ಬಂದಿದ್ದರು. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ಎರಡನೆಯದರಲ್ಲೂ ಫೇಲಾದಳು. ಕಾರು ಧೂಳು ತಿನ್ನುತ್ತ ನಿಂತಿತ್ತು. ಮಾರಿಬಿಡೋಣವೆಂದು ಅಳಿಯ ಮತ್ತೆ ಫೋನ್ ಮಾಡಿದ. "ನನ್ನ ಕೈಯಾಗ ಐದ ಸಲ ಫೇಲಾದಾಕಿ ಈಗ ಆಂಬುಲೆನ್ಸ್ ಹೊಡೀತಾಳ, ತಮ್ಮಾ" ಎಂದು ಅಕ್ಕೋರು ಹೇಳಿದ್ದು ನನ್ನೆದುರಿಗೇ. ಅಂಥವಳು ಯಾರೂ ಇರಲಿಲ್ಲ. ಮುಂದಿನ ಸಲ ಮಗಳು ಪಾಸಾದಳು. ಲೈಸೆನ್ಸಿನ ಫೋಟೋವನ್ನು ಅಕ್ಕೋರು ಕಿರಾಣಿ ಅಂಗಡಿಯವನಿಗೂ ತೋರಿಸಿದರು.

ಆ ಮೇಲೆ ಒಂದು ವರ್ಷವೂ ತುಂಬಲಿಲ್ಲ. ನಾನು ಸಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಫೋನ್ ಬಂತು. ರಬಕವಿ ರಸ್ತೆಯಲ್ಲಿ ಒಬ್ಬ ನರ್ಸಿಗೆ ಕಲಿಸುತ್ತಿದ್ದಾಗ ಅಕ್ಕೋರು "ಗಾಡಿ ಸೈಡಿಗೆ ತಗೋವಾ" ಎಂದರಂತೆ. ಆಕೆ ತೆಗೆದುಕೊಂಡು ನಿಲ್ಲಿಸಿ ತಿರುಗುವಷ್ಟರಲ್ಲಿ ಅಕ್ಕೋರ ತಲೆ ಕಿಟಕಿಗೆ ವಾಲಿತ್ತು. ಇನ್ನೂ ಮೂರನೇ ಗೇರು ಸರಿಯಾಗಿ ಬೀಳಿಸಲು ಬಾರದ ಆಕೆ, ಒಬ್ಬಳೇ ಆ ಕಾರನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಜೀವ ಅಷ್ಟರಲ್ಲಿ ಹೋಗಿತ್ತು. ನಾನು ಚಾಕ್‌ಪೀಸು ಹಿಡಿದುಕೊಂಡೇ ಹೊರಗೆ ಬಂದೆನೆಂದು ಆಮೇಲೆ ಮಕ್ಕಳು ಹೇಳಿದರು. ನನಗೆ ನೆನಪಿಲ್ಲ.

ಮಗಳು ಬರುವವರೆಗೆ ಮಣ್ಣು ಮಾಡುವುದನ್ನು ತಡೆದರು. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಅವಳನ್ನು ಕರೆತರಲು ಹೋದದ್ದು ನಾನೇ, ಲೈಸೆನ್ಸ್ ಸಿಕ್ಕ ಮೇಲೆ ಕೊಂಡ ನನ್ನದೇ ಕಾರಿನಲ್ಲಿ. ಅಷ್ಟು ದೂರ ಒಬ್ಬಳೇ ಹೋಗಿದ್ದು ಅದೇ ಮೊದಲು. ಮುಧೋಳ ಹತ್ತಿರವಾದಾಗ, "ಟೀಚರ್, ಇಲ್ಲಿಂದ ನಾ ಹೊಡೀಲೇನ್ರಿ?" ಎಂದಳು. ಈ ಸ್ಥಿತಿಯಲ್ಲಿ ಬೇಡ ಎನ್ನಬೇಕೆಂದುಕೊಂಡೆ, ಆದರೆ ಇಳಿದು ಸೀಟು ಬಿಟ್ಟುಕೊಟ್ಟೆ.

ನಿಧಾನವಾಗಿ, ಅಂಚು ಹಿಡಿದು, ಚೆನ್ನಾಗಿಯೇ ಓಡಿಸಿದಳು. ಜಮಖಂಡಿಯ ಕಡೆಗೆ ಹೊರಳುವಾಗ ಇಂಡಿಕೇಟರ್ ಹಾಕಲು ರೂಢಿಯಂತೆ ಎಡಗೈ ಆಡಿಸಿದಳು. ಅಲ್ಲಿಯ ಕಾರಿನಲ್ಲಿ ಅದು ಎಡಗೈಗೆ, ನನ್ನ ಕಾರಿನಲ್ಲಿ ಬಲಗೈಗೆ. ಸುಡು ಬಿಸಿಲಿನಲ್ಲಿ, ಒಣ ಗಾಜಿನ ಮೇಲೆ, ವೈಪರು ಕರಕರ ಎನ್ನುತ್ತ ಆಡತೊಡಗಿತು.

ಅವಳಿಗೆ ನಗು ಬಂತು. ವಿಮಾನ ಇಳಿದಾಗಿನಿಂದ ಅಳದವಳು, ನಗುತ್ತ ನಗುತ್ತಲೇ ಅಳಲು ಶುರುಮಾಡಿದಳು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು ಕೈ ಚಾಚಿ ವೈಪರು ನಿಲ್ಲಿಸಲು ಹೋಗಲಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಅದನ್ನು ಹುಡುಕಿ ನಿಲ್ಲಿಸಿ, ಬಲಗೈಯಿಂದ ಇಂಡಿಕೇಟರ್ ಹಾಕಿ, ಕನ್ನಡಿಯಲ್ಲಿ ಹಿಂದೆ ನೋಡಿ, ಕಾರನ್ನು ಅವ್ವನ ಊರಿನ ಕಡೆಗೆ ಹೊರಳಿಸಿದಳು.