ಸಿನ್ಸ್, ಫಾರ್ ಮತ್ತು ರೊಟ್ಟಿ ಬಡಿಯುವ ಸಪ್ಪಳ

ಕಳೆದ ಸೋಮವಾರ ಬೀದರದಲ್ಲಿ ಡಾಕ್ಟರೊಬ್ಬರ ಎದುರು ಕೂತು ಒಂದು ಇಂಗ್ಲಿಷ್ ವಾಕ್ಯ ಹೇಳಿದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ವಾಕ್ಯ ಮಾತ್ರ ಪೂರ್ತಿ ಸುಳ್ಳು.

ಹೋಗಿದ್ದು ನನ್ನ ಹೆಂಡತಿ ಸುವಾರ್ತಾಳ ಭುಜ ತೋರಿಸಲು. ಬಲಗೈ ಮೇಲೇಳುತ್ತಿರಲಿಲ್ಲ. ನಾನು ಇಂಗ್ಲಿಷ್ ಮಾಸ್ತರ ಎಂದು ಗೊತ್ತಾಗಿದ್ದರಿಂದ (ಹೇಳಿದ್ದು ನಾನೇ, ಕುರ್ಚಿ ಎಳೆದುಕೊಳ್ಳುವ ಮೊದಲೇ) ಅವರು ಇಂಗ್ಲಿಷಿನಲ್ಲೇ ಕೇಳಿದರು, ನೋವು ಎಷ್ಟು ದಿನದಿಂದ ಎಂದು. ನಾನು ಗಂಟಲು ಸರಿಮಾಡಿಕೊಂಡು ಉತ್ತರಿಸಿದೆ: "ಶೀ ಹ್ಯಾಸ್ ಹ್ಯಾಡ್ ದಿಸ್ ಪೇನ್ ಫಾರ್ ಟೂ ವೀಕ್ಸ್."

ಆ 'ಫಾರ್' ಇದೆಯಲ್ಲ, ಅದರ ಮೇಲೆ ನನಗೆ ಬಹಳ ಅಭಿಮಾನ. ಭಾಲ್ಕಿ, ಸಂತಪುರ, ಔರಾದ ಎಂದು ವರ್ಗವಾಗುತ್ತ ಜೀವಮಾನವೆಲ್ಲ ಕಲಿಸಿದ್ದು ಅದನ್ನೇ. ನಮ್ಮ ಮಕ್ಕಳು 'ಸಿನ್ಸ್ ಟೂ ಅವರ್ಸ್' ಎಂದು ಬರೆಯುತ್ತಾರೆ. ಪಾಪ, ಅವರ ತಪ್ಪಲ್ಲ. ಕನ್ನಡದಲ್ಲಿ ಎಲ್ಲಕ್ಕೂ ಒಂದೇ 'ಇಂದ'. ಮುಂಜಾನೆಯಿಂದ ಬಸ್ಸಿಗೆ ಕಾಯುತ್ತೇವೆ, ಎರಡು ತಾಸಿನಿಂದಲೂ ಕಾಯುತ್ತೇವೆ. ಇಂಗ್ಲಿಷಿಗೆ ಅಷ್ಟು ಸಾಲದು. ಕಾಯುವುದು ಶುರುವಾದ ಗಳಿಗೆ ಹೇಳಿದರೆ ಸಿನ್ಸ್. ಎಷ್ಟು ಹೊತ್ತಾಯಿತೆಂದು ಅಳೆದು ಹೇಳಿದರೆ ಫಾರ್. ಬಸ್ಸು ಎರಡು ತಾಸಿನ ಹಿಂದೆಯೇ ಹೋಗಿಬಿಟ್ಟಿದ್ದರೆ 'ಟೂ ಅವರ್ಸ್ ಅಗೋ', ಆಗ ಕ್ರಿಯಾಪದವೂ ಸೀದಾ ಭೂತಕಾಲಕ್ಕೆ ಹೋಗಬೇಕು. ಇಷ್ಟೇ. ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಎರಡು ವಾರ ಎಂದಿದ್ದೇಕೆ? ಎರಡು ವಾರದ ಹಿಂದೆ ಒಂದು ದಿನ ಅವಳ ಕೈಯಿಂದ ನೀರಿನ ಕೊಡ ಜಾರಿ ಬಿದ್ದಿತ್ತು. ಆ ಸದ್ದಿಗೆ ನಾನು ಪೇಪರಿನಿಂದ ತಲೆ ಎತ್ತಿದ್ದೆ. ನನ್ನ ಲೆಕ್ಕದಲ್ಲಿ ನೋವು ಹುಟ್ಟಿದ್ದೇ ಅಂದು.

ಸುವಾರ್ತಾ ಔರಾದ ಕಡೆ ನರ್ಸ್ ಆಗಿದ್ದು ರಿಟೈರ್ ಆದವಳು. ಹಾಸಿಗೆ ಹಾಸಿಗೆಗೂ ಹೋಗಿ 'ಯಾವಾಗಿಂದ್ರಿ?' ಎಂದು ಕೇಳುವುದೇ ಅವಳ ಕೆಲಸವಾಗಿತ್ತು. ಅವಳು ಡಾಕ್ಟರ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಎರಡ್ ವಾರ ಅಲ್ರಿ ಸಾರ್. ಕ್ರಿಸ್ಮಸ್‌ನಿಂದ ಅದ."

ಇದು ಆಗಸ್ಟ್.

ಡಾಕ್ಟರು ನನ್ನ ಕಡೆ ನೋಡಿದರು. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ, ಕನ್ನಡಕ್ಕೆ ಬಂದು ಅವಳ ಜೊತೆಗೇ ಮಾತಾಡಿದರು. ಮೊದಲು ಯಾವ ಕೆಲಸ ಬಿಟ್ಟಿರಿ ಅಂದರು. ರೊಟ್ಟಿ ಬಡಿಯುವುದು, ಅಂದಳು. ಹೊಸ ವರ್ಷದಿಂದ ನಮ್ಮ ಮನೆಯ ರೊಟ್ಟಿ ಪಕ್ಕದ ಮನೆಯ ಶಾಂತಾಬಾಯಿ ಬಡಿದುಕೊಡುತ್ತಾರಂತೆ. ಬದಲಿಗೆ ಇವಳು ವಾರಕ್ಕೊಮ್ಮೆ ಅವರ ಬಿಪಿ ನೋಡುತ್ತಾಳಂತೆ. ಇವಳಿಗೆ ಜಡೆ ಹಾಕುವುದೂ ಶಾಂತಾಬಾಯಿಯೇ.

ನನಗೆ ಇದೆಲ್ಲ ಹೊಸ ಸುದ್ದಿ! ನಮ್ಮ ಕಡೆ ರೊಟ್ಟಿ ಗುಟ್ಟಾಗಿ ಮಾಡುವ ಅಡುಗೆಯಲ್ಲ. ಯಾರ ಮನೆಯಲ್ಲಿ ಬಡಿಯುತ್ತಿದ್ದಾರೆ ಎಂದು ಓಣಿಗೆಲ್ಲ ಕೇಳುತ್ತದೆ. ಎಂಟು ತಿಂಗಳು ನನ್ನ ಮನೆಯಲ್ಲಿ ಆ ಸಪ್ಪಳವಿಲ್ಲ, ನಾನು ಮಾತ್ರ ತಪ್ಪದೆ ಊಟಕ್ಕೆ ಕೂತಿದ್ದೇನೆ. ಸಾಲದ್ದಕ್ಕೆ ಯುಗಾದಿಯ ಹೊತ್ತಿಗೆ 'ಈಚೆಗೆ ನಿನ್ನ ರೊಟ್ಟಿ ಭಾರಿ ತೆಳ್ಳಗೆ ಬರಲಾಕತ್ತಾವ' ಎಂದು ಹೊಗಳಿದ್ದೆ ಬೇರೆ.

ಭುಜದ ಕೀಲು ಬಿಗಿದಿದೆ, ಬೇಗ ಬಂದಿದ್ದರೆ ಬೇಗ ಸಡಿಲಾಗುತ್ತಿತ್ತು ಅಂದರು ಡಾಕ್ಟರು. ದಿನಕ್ಕೆರಡು ಸಲ ವ್ಯಾಯಾಮ ಮಾಡಬೇಕು. ಕೈ ಮೊದಲಿನಷ್ಟು ಮೇಲೇಳುತ್ತದೆಯೇ? ಈಗಲೇ ಹೇಳಲಾರೆ ಅಂದರು.

ಆಟೋದಲ್ಲಿ ನಾನು ಸಿಟ್ಟು ತೋರಿಸಿದೆ. (ನಾಚಿಕೆಯಾದಾಗ ಗಂಡಸರಿಗೆ ಬರುವುದು ಅದೇ.) ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿನ್ರಿ. ಮೂರ್ ಸಲ ಹೇಳಿನಿ. ಮುಂದಿನ ವಾರ ತೋರಸಾಮು ಅಂದ್ರಿ."

ಅಂದಿರಬೇಕು. ಅದು ನನ್ನದೇ ಮಾತು. 'ನೆಕ್ಸ್ಟ್ ವೀಕ್' ಎನ್ನುವಾಗ ಹಿಂದೆ ಆನ್, ಇನ್, ಅಟ್ ಯಾವುದೂ ಬೇಡ ಎಂದು ನಾನೇ ಕಲಿಸುತ್ತೇನೆ. ನನ್ನ ಮುಂದಿನ ವಾರಕ್ಕೆ ಸೋಮವಾರವೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ.

ಈಗ ದಿನಾ ಮುಂಜಾನೆ ಸುವಾರ್ತಾ ಗೋಡೆಗೆ ಎದುರಾಗಿ ನಿಂತು ಬಲಗೈಯ ಬೆರಳುಗಳನ್ನು ಒಂದೊಂದೇ ಮೇಲಕ್ಕೆ ನಡೆಸುತ್ತಾಳೆ. ನೋವಿಗೆ ತುಟಿ ಕಚ್ಚುತ್ತಾಳೆ. ಬೆರಳು ನಿಂತಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಮೊದಲ ದಿನದ ಗೆರೆ ಅವಳ ಕಿವಿಯ ಎತ್ತರಕ್ಕಿದೆ. ನಿನ್ನೆಯದು ಅದರ ಮೇಲೆ ಒಂದು ಬೆರಳಷ್ಟು. ಖುಷಿಯಾಗಿ ಪಕ್ಕದಲ್ಲಿ ತಾರೀಖನ್ನೂ ಬರೆದೆ, ಮಾಸ್ತರಿಕೆ ಸುಮ್ಮನೆ ಬಿಡುತ್ತದೆಯೇ?

ಅವಳು ಕೈ ಇಳಿಸಿ ಅದನ್ನೇ ನೋಡಿದಳು.

"ಈಗ ಭಾಳ ತಾರೀಖ ಬರಿಲಾಕತ್ತೀರಿ. ಡಿಸೆಂಬರ್‌ದಾಗ ಎಲ್ಲಿದ್ರಿ?"

ಎಲ್ಲಿಗೂ ಹೋಗಿರಲಿಲ್ಲ, ಅಡುಗೆಮನೆಯಿಂದ ಆರು ಹೆಜ್ಜೆ ಆಚೆ ಕೂತು ಪೇಪರ್ ಓದುತ್ತಿದ್ದೆ.